ಮಾತೇ ಹೊರಡದ ತರಗತಿ ಮತ್ತು ಹೊರದೇಶದ ಇಂಟರ್ನ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ತಮ್ಮ ವ್ಯಾಸಂಗದ ಭಾಗವಾಗಿ ಒಂದು ಸೆಮಿಸ್ಟರ್ ಕಾಲ ಹೊರದೇಶದ ಪದವಿ ಕಾಲೇಜೊಂದರ ಇಂಗ್ಲಿಷ್ ವಿಭಾಗದಲ್ಲಿ ಇಂಟರ್ನ್ ಆಗಿ ಕೆಲಸ ಮಾಡಿದರು. ಅಲ್ಲಿ ಅವರಿಗೆ ವಹಿಸಿದ ಹೊಣೆ ಕೇಳುವುದಕ್ಕೆ ಸರಳವಾಗಿತ್ತು: ಎರಡನೆಯ ವರ್ಷದ ಎರಡು ಸೆಕ್ಷನ್‌ಗಳ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾತಾಡುವ ಅಭ್ಯಾಸ ಮಾಡಿಸುವುದು. ಅವರ ವರದಿಗಳನ್ನು ವಾರವಾರವೂ ಓದಿ ಸಲಹೆ ಕೊಡುತ್ತಿದ್ದ ಮಾರ್ಗದರ್ಶಕರಲ್ಲಿ ನಾನೂ ಒಬ್ಬ. ಅವಧಿ ಮುಗಿದ ಮೇಲೆ ಅವರೊಂದಿಗೂ ಅಲ್ಲಿನ ಇಬ್ಬರು ಅಧ್ಯಾಪಕರೊಂದಿಗೂ ಬಿಡಿಬಿಡಿಯಾಗಿ ಮಾತಾಡಿ, ಮೂವರ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ. ದೇಶ, ಕಾಲೇಜು ಮತ್ತು ವ್ಯಕ್ತಿಗಳ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಆ ದೇಶದಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಕಲಿಸುವ ವಿಷಯವೇ ಹೊರತು ಬದುಕಿನಲ್ಲಿ ಬಳಸುವ ಭಾಷೆಯಲ್ಲ. ಕಚೇರಿ, ಸಂತೆ, ಮನೆ ಎಲ್ಲವೂ ಅಲ್ಲಿನ ಭಾಷೆಯಲ್ಲೇ ನಡೆಯುತ್ತವೆ. ವಿದ್ಯಾರ್ಥಿಗಳು ವರ್ಷಗಟ್ಟಲೆ ಇಂಗ್ಲಿಷ್ ಓದಿದ್ದರು; ಕ್ರಿಯಾಪದದ ರೂಪಗಳನ್ನು ಕೋಷ್ಟಕದಂತೆ ಒಪ್ಪಿಸುತ್ತಿದ್ದರು; ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತಿದ್ದರು. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಭಾಷಾ ಸಾಮರ್ಥ್ಯದ ಆರು ಹಂತಗಳ ಚೌಕಟ್ಟಿನಲ್ಲಿ ಅಳೆದರೆ, ಓದಿನಲ್ಲಿ ಹೆಚ್ಚಿನವರು ಮೂರನೆಯದಾದ ಬಿ1 ಹಂತಕ್ಕೆ ಹತ್ತಿರವಿದ್ದರು, ಮಾತಿನಲ್ಲಿ ಮೊದಲನೆಯದಾದ ಎ1 ಹಂತವನ್ನೂ ಸರಿಯಾಗಿ ದಾಟಿರಲಿಲ್ಲ. ಈ ಅಂತರ ಹೊಸದೇನಲ್ಲ. ಕೆನಡಾದ ಶಾಲೆಗಳಲ್ಲಿ ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ಕೇಳಿ, ಓದಿ ಚೆನ್ನಾಗಿ ಅರ್ಥ ಮಾಡಿಕೊಂಡರೂ ಮಾತಿನಲ್ಲಿ ಹಿಂದುಳಿಯುವುದನ್ನು ಗಮನಿಸಿದ ಭಾಷಾ ಕಲಿಕೆಯ ಸಂಶೋಧಕಿ ಮೆರಿಲ್ ಸ್ವೇನ್ ಅವರು, ಭಾಷೆಯನ್ನು ಒಳಗೆ ತೆಗೆದುಕೊಂಡರಷ್ಟೇ ಸಾಲದು, ಹೊರಗೆ ಹಾಕುವ ಒತ್ತಡವೂ ಬೇಕು ಎಂಬ ವಾದವನ್ನು 1985ರಲ್ಲೇ ಮುಂದಿಟ್ಟಿದ್ದರು. ಕಾಲೇಜಿನ ವಿಭಾಗ ಮುಖ್ಯಸ್ಥರಿಗೂ ಇದು ತಿಳಿಯದ ಮಾತಾಗಿರಲಿಲ್ಲ. ಆ ಒತ್ತಡ ಹುಟ್ಟಿಸುವುದಕ್ಕೆಂದೇ ಅವರು ಹೊರಗಿನಿಂದ ಒಬ್ಬರನ್ನು ಕರೆಸಿದ್ದು.

ಆದರೆ ಇಂಟರ್ನ್ ಇಂಗ್ಲಿಷನ್ನು ಮಾತೃಭಾಷೆಯಾಗಿ ಕಲಿತವರಲ್ಲ. ಭಾಷಾವಿಜ್ಞಾನಿ ಬ್ರಜ್ ಕಚ್ರು ಅವರು 1985ರಲ್ಲಿ ಜಗತ್ತಿನ ಇಂಗ್ಲಿಷನ್ನು ಒಳ, ಹೊರ ಮತ್ತು ವಿಸ್ತರಿಸುತ್ತಿರುವ ಎಂಬ ಮೂರು ವರ್ತುಲಗಳಾಗಿ ವಿಂಗಡಿಸಿದ್ದರು: ಒಳ ವರ್ತುಲ ಇಂಗ್ಲಿಷ್ ಮಾತೃಭಾಷೆಯಾದ ದೇಶಗಳದ್ದು, ಹೊರ ವರ್ತುಲ ಅದು ಎರಡನೆಯ ಭಾಷೆಯಾಗಿ ಬಳಕೆಯಲ್ಲಿರುವ ದೇಶಗಳದ್ದು, ವಿಸ್ತರಿಸುತ್ತಿರುವುದು ಅದನ್ನು ಪರಭಾಷೆಯಾಗಿ ಕಲಿಯುವ ದೇಶಗಳದ್ದು. ಅದರ ಪ್ರಕಾರ ಇವರು ಹೊರ ವರ್ತುಲದವರು, ವಿದ್ಯಾರ್ಥಿಗಳು ವಿಸ್ತರಿಸುತ್ತಿರುವ ವರ್ತುಲದವರು. ಮೊದಲ ದಿನ ಕೆಲವು ವಿದ್ಯಾರ್ಥಿಗಳ ಮುಖದಲ್ಲಿ ನಿರಾಸೆ ಕಾಣಿಸಿತೆಂದು ಅವರು ವರದಿಯಲ್ಲಿ ಬರೆದಿದ್ದಾರೆ. ಸಿನಿಮಾದಲ್ಲಿ ಕೇಳುವ ಉಚ್ಚಾರಣೆಯವರು ಬರುತ್ತಾರೆಂದು ಕಾದಿದ್ದವರಿಗೆ ಬೇರೆಯವರೇ ಬಂದಿದ್ದರು. ಇದನ್ನು ಅವರು ಮನಸ್ಸಿಗೆ ಹಚ್ಚಿಕೊಂಡದ್ದು ಸಹಜ. ಮುಂದೆ ಇದೇ ಅವರ ಅನುಕೂಲವಾಯಿತು, ಆ ಮಾತು ಆಮೇಲೆ.

ಕಾಲೇಜು ಕಳುಹಿಸಿದ ಒಪ್ಪಂದದ ಪತ್ರದಲ್ಲಿ ಕೆಲಸದ ವಿವರಣೆ ಒಂದೇ ವಾಕ್ಯದ್ದು. ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಅಭ್ಯಾಸದಲ್ಲಿ ನೆರವಾಗುವುದು, ಅಷ್ಟೆ. ನೆರವು ಎಂದರೆ ಪಾಠವೋ, ಹರಟೆಯೋ, ಬರೆದದ್ದನ್ನು ತಿದ್ದುವುದೋ, ತರಗತಿಯ ಅಧ್ಯಾಪಕರು ಆಗ ಎಲ್ಲಿರಬೇಕು, ಹಾಜರಿ ಯಾರು ಹಿಡಿಯಬೇಕು, ಇದಾವುದೂ ಅದರಲ್ಲಿರಲಿಲ್ಲ. ಮುಂದೆ ಎದುರಾದ ತೊಡಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಭಾಷೆಗೆ ಸಂಬಂಧಿಸಿದವಲ್ಲ, ಈ ಒಂದು ವಾಕ್ಯಕ್ಕೆ ಸಂಬಂಧಿಸಿದವು ಎಂಬುದು ನನ್ನ ಅಭಿಪ್ರಾಯ.

ತೊಡಕು

ಆರಂಭದ ವಾರಗಳಲ್ಲಿ ಇಂಟರ್ನ್ ಮಾಡಿದ್ದು ಅವರ ಜಾಗದಲ್ಲಿ ಯಾರಿದ್ದರೂ ಮಾಡುತ್ತಿದ್ದ ಕೆಲಸ. ತರಗತಿಯ ಮುಂದೆ ನಿಂತು, ರಜೆಯ ದಿನ ಏನು ಮಾಡಿದಿರಿ, ಯಾವ ಆಟ ಇಷ್ಟ ಎಂದು ಇಡೀ ತರಗತಿಯನ್ನು ಉದ್ದೇಶಿಸಿ ಕೇಳುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ಮುಂದಿನ ಬೆಂಚಿನ ಮೂರು ನಾಲ್ಕು ಮಂದಿ ಮಾತ್ರ ಪ್ರತಿಸಲವೂ ಮಾತಾಡುತ್ತಿದ್ದರು. ಉಳಿದವರು ನೋಟ್‌ಪುಸ್ತಕದ ಕಡೆ ಕಣ್ಣು ಹಾಕಿ ಕೂರುತ್ತಿದ್ದರು. ಮೌನ ಅಸಹನೀಯವಾದಾಗ ಇಂಟರ್ನ್ ತಮ್ಮ ಪ್ರಶ್ನೆಗೆ ತಾವೇ ಉತ್ತರ ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು.

ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲ ಎಂದು ಅವರು ಬರೆದಾಗ, ಒಂದು ತರಗತಿಯನ್ನು ಎಲ್ಲರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಆಲಿಸಿ, ಆಮೇಲೆ ಅಳಿಸಿಹಾಕುವಂತೆ ನಾವು ಸೂಚಿಸಿದೆವು. ಆಲಿಸಿದ ಮೇಲೆ ಬಂದ ವರದಿಯ ದನಿಯೇ ಬದಲಾಗಿತ್ತು. ಮುದ್ರಣದ ಬಹುಪಾಲು ಅವರದೇ ಮಾತು. ಪ್ರಶ್ನೆ ಕೇಳಿದ ಮೇಲೆ ಅವರು ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಕಾಯುತ್ತಿರಲಿಲ್ಲ. ಮೇರಿ ಬಡ್ ರೋ ಅವರು ವಿಜ್ಞಾನದ ತರಗತಿಗಳಲ್ಲಿ ನಡೆಸಿ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು: ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಅಥವಾ ಅದಕ್ಕೂ ಮೇಲಕ್ಕೆ ಒಯ್ದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದವರೂ ಬಾಯಿ ತೆರೆಯುತ್ತಾರೆ. ಅದು ಮಕ್ಕಳು ತಮ್ಮ ಭಾಷೆಯಲ್ಲೇ ಉತ್ತರಿಸುವ ತರಗತಿಗಳ ಮಾತು. ಪರಭಾಷೆಯಲ್ಲಿ ವಾಕ್ಯ ಕಟ್ಟಬೇಕಾದವರಿಗೆ ಮೂರು ಸೆಕೆಂಡೂ ಕಡಿಮೆಯೇ.

ಕಾಯುವುದನ್ನು ಕಲಿತ ಮೇಲೆ ಒಂದು ಸೆಕ್ಷನ್‌ನಲ್ಲಿ ಸ್ವಲ್ಪ ಸುಧಾರಣೆ ಕಂಡಿತು, ಇನ್ನೊಂದರಲ್ಲಿ ಏನೂ ಆಗಲಿಲ್ಲ. ಮೊದಲನೆಯದರ ಅಧ್ಯಾಪಕರು ಆ ಗಂಟೆಯನ್ನು ಇಂಟರ್ನ್‌ಗೆ ಬಿಟ್ಟುಕೊಟ್ಟು ಉತ್ತರಪತ್ರಿಕೆ ತಿದ್ದಲು ಸ್ಟಾಫ್ ರೂಮಿಗೆ ಹೋಗುತ್ತಿದ್ದರು. ಎರಡನೆಯದರ ಅಧ್ಯಾಪಕರು, ವಿಭಾಗದಲ್ಲೇ ಹಿರಿಯರು, ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತು, ವಿದ್ಯಾರ್ಥಿ ತಪ್ಪಿದ ಕೂಡಲೇ ಅಲ್ಲಿಂದಲೇ ಸರಿಯಾದ ರೂಪ ಹೇಳುತ್ತಿದ್ದರು. ಹೆಸರು ಬರೆಯದೆ ಚೀಟಿಯಲ್ಲಿ ನಿಮ್ಮ ಕಷ್ಟ ತಿಳಿಸಿ ಎಂದು ಕೇಳಿದಾಗ ಆ ಸೆಕ್ಷನ್‌ನ ಹಲವರು ಸುತ್ತಿಬಳಸಿ ಒಂದೇ ಮಾತು ಬರೆದಿದ್ದರು: ಉತ್ತರ ಗೊತ್ತಿದೆ, ಆದರೆ ಎಲ್ಲರ ಎದುರು ತಪ್ಪಾದರೆ ಏನು ಗತಿ. ಪರಭಾಷೆಯ ತರಗತಿಯ ಈ ಅಳುಕು ಸಾಮಾನ್ಯ ನಾಚಿಕೆಗಿಂತ ಬೇರೆಯದು ಎಂದು ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ವಾದಿಸಿ, ಅದನ್ನು ಅಳೆಯಲು 33 ಹೇಳಿಕೆಗಳ ಪ್ರಶ್ನಾವಳಿಯನ್ನೇ ರೂಪಿಸಿದ್ದರು. ಪ್ರಶ್ನಾವಳಿಯ ಅಗತ್ಯ ಇಲ್ಲಿ ಬೀಳಲಿಲ್ಲ, ಚೀಟಿಗಳೇ ಸಾಕಾದವು.

ಮೊದಲ ಯತ್ನಗಳು

ಅಳುಕು ಕಳೆಯಲು ಇಂಟರ್ನ್ ಮೊದಲು ಆಟಗಳನ್ನು ಹೂಡಿದರು. ಪದ ಊಹಿಸುವ ಆಟ, ಹಾಡಿನ ಸಾಲು ತುಂಬುವ ಆಟ, ಗುಂಪು ಸ್ಪರ್ಧೆ. ತರಗತಿ ಗಲಗಲ ಎನ್ನತೊಡಗಿತು, ಹಾಜರಿ ಏರಿತು, ವಿಭಾಗ ಮುಖ್ಯಸ್ಥರು ಬಾಗಿಲಲ್ಲಿ ನಿಂತು ನೋಡಿ ಸಂತೋಷಪಟ್ಟರು. ಆದರೆ ಆ ಗದ್ದಲವೆಲ್ಲ ವಿದ್ಯಾರ್ಥಿಗಳ ಸ್ವಂತ ಭಾಷೆಯಲ್ಲಿತ್ತು. ಇಂಗ್ಲಿಷ್ ಎಂಬುದು ಗೆದ್ದ ಗುಂಪು ಕೊನೆಯಲ್ಲಿ ಕೂಗುವ ಒಂದು ಪದ ಮಾತ್ರ. ಇದನ್ನು ತಡೆಯಲು ಅವರು ಸ್ವಂತ ಭಾಷೆಯನ್ನು ಆ ಗಂಟೆಯಲ್ಲಿ ನಿಷೇಧಿಸಿದರು, ಆಡಿದವರಿಗೆ ಕೆಂಪು ಚೀಟಿ ಕೊಟ್ಟರು. ಫಲಿತಾಂಶ ಊಹಿಸಬಹುದು. ಗದ್ದಲ ನಿಂತಿತು, ಮೊದಲಿನ ಮೌನ ಮರಳಿತು.

ಈ ಹಂತದಲ್ಲಿ ಅವರು ತೀರಾ ಕುಗ್ಗಿದ್ದರು. ಜಪಾನ್ 1987ರಲ್ಲಿ ಆರಂಭಿಸಿದ ಜೆಟ್ ಕಾರ್ಯಕ್ರಮದಡಿ ವಿದೇಶಗಳಿಂದ ಬಂದು ಶಾಲೆಗಳಿಗೆ ಹೋಗುವ ಭಾಷಾ ಸಹಾಯಕರಲ್ಲಿ ಒಂದು ಹಳೆಯ ದೂರಿದೆ: ತಮ್ಮನ್ನು ಪಾಠ ಓದಿ ಹೇಳುವ ಜೀವಂತ ಟೇಪ್ ರೆಕಾರ್ಡರ್ ಮಾಡಿಟ್ಟಿದ್ದಾರೆ ಎಂಬುದು. ಹಿರಿಯ ಅಧ್ಯಾಪಕರು ಪಠ್ಯದ ಪುಟವೊಂದನ್ನು ಕೊಟ್ಟು, ಇದನ್ನು ನೀವು ಗಟ್ಟಿಯಾಗಿ ಓದಿ, ಇವರು ಹಿಂದೆ ಹೇಳಲಿ ಎಂದು ಸೂಚಿಸಿದಾಗ ತಮಗೂ ಅದೇ ಗತಿ ಬಂತೆಂದು ಇಂಟರ್ನ್‌ಗೆ ಅನಿಸಿತು. ಹಿರಿಯರ ಸೆಕ್ಷನ್‌ನಲ್ಲೂ ಆ ಗಂಟೆ ತಮಗೊಬ್ಬರಿಗೇ ಬೇಕು, ಅವರು ಕೂರುವುದು ಬೇಡ ಎಂದು ವಿಭಾಗ ಮುಖ್ಯಸ್ಥರಿಗೆ ಪತ್ರ ಬರೆದು, ಕಳುಹಿಸುವ ಮೊದಲು ಅದರ ಪ್ರತಿಯನ್ನು ನಮಗೆ ಕಳುಹಿಸಿದರು.

ತಿರುವು: ಅಧ್ಯಾಪಕರನ್ನು ಹೊರಗಿಡುವುದೋ, ಒಳಗೆ ಸೇರಿಸುವುದೋ

ಮಾರ್ಗದರ್ಶಕರಲ್ಲೇ ಇದರ ಬಗ್ಗೆ ಒಮ್ಮತವಿರಲಿಲ್ಲ. ಪತ್ರ ಸರಿಯಾಗಿಯೇ ಇದೆ, ಅಧ್ಯಾಪಕರು ಎದ್ದುಹೋದರೆ ವಿದ್ಯಾರ್ಥಿಗಳಿಗೆ ಧೈರ್ಯ ಬರುತ್ತದೆ ಎಂದು ಒಬ್ಬರು ಹೇಳಿದರು. ಅಧ್ಯಾಪಕರಿಲ್ಲದ ಸೆಕ್ಷನ್‌ನಲ್ಲಿ ಮಾತು ಸ್ವಲ್ಪ ಹೆಚ್ಚಿದ್ದದ್ದು ಈ ವಾದಕ್ಕೆ ಬಲ ಕೊಡುತ್ತಿತ್ತು. ನನ್ನ ಆಕ್ಷೇಪ ಬೇರೆ ನೆಲೆಯದು. ಇಂಟರ್ನ್ ಕೆಲವೇ ತಿಂಗಳ ಅತಿಥಿ. ವಿದ್ಯಾರ್ಥಿಗಳ ಜೊತೆ ಉಳಿಯುವವರು, ಅವರಿಗೆ ಅಂಕ ಕೊಡುವವರು ಆ ಅಧ್ಯಾಪಕರು. ಅವರನ್ನು ಹೊರಗಿಟ್ಟು ಬೆಳೆಸಿದ್ದು ಇಂಟರ್ನ್ ಹೊರಟ ದಿನವೇ ನಿಂತುಹೋಗುತ್ತದೆ. ಪತ್ರ ಕಳುಹಿಸುವ ಮೊದಲು ಅಧ್ಯಾಪಕರೊಂದಿಗೆ ಒಮ್ಮೆ ಮಾತಾಡಿ ನೋಡಿ ಎಂದು ಸೂಚಿಸಿದೆವು. ನಿರ್ಧಾರ ಇಂಟರ್ನ್‌ಗೇ ಬಿಟ್ಟದ್ದು.

ಅವರು ಮಾತಾಡಿದರು, ಅದೂ ಇಂಗ್ಲಿಷ್‌ನಲ್ಲಲ್ಲ. ತಾವು ಅಷ್ಟರಲ್ಲಿ ಕಲಿತಿದ್ದ ಅಲ್ಲಿನ ಭಾಷೆಯ ತೊದಲು ವಾಕ್ಯಗಳಲ್ಲಿ, ನಿಮ್ಮ ವಿದ್ಯಾರ್ಥಿಗಳನ್ನು ನೀವು ಬಲ್ಲಿರಿ, ನಾನು ಅರಿಯೆ, ಮುಂದಿನ ವಾರಕ್ಕೆ ಏನು ಮಾಡಿಸಬೇಕೆಂದು ಸೇರಿ ಯೋಚಿಸೋಣವೇ ಎಂದು ಕೇಳಿದರು. ಅಧ್ಯಾಪಕರು ನಕ್ಕರಂತೆ, ವಾಕ್ಯವನ್ನು ತಿದ್ದಿದರಂತೆ, ಆಮೇಲೆ ಬಹಳ ಹೊತ್ತು ಮಾತಾಡಿದರಂತೆ. ತಪ್ಪು ಮಾತಾಡಿ ತಿದ್ದಿಸಿಕೊಳ್ಳುವ ಸರದಿ ಇಂಟರ್ನ್‌ಗೆ ಬಂದದ್ದೇ ಇಬ್ಬರ ನಡುವಿನ ಬಿಗಿ ಸಡಿಲವಾಗಲು ಕಾರಣವಾಯಿತು ಎಂದು ನನಗೆ ತೋರುತ್ತದೆ. ಎಷ್ಟೋ ದಿನಗಳ ನಂತರ ಅಧ್ಯಾಪಕರು ಇನ್ನೊಂದು ವಿಷಯ ಹೇಳಿದರು: ವಿದೇಶದಿಂದ ಬಂದವರ ಜೊತೆ ವಿದ್ಯಾರ್ಥಿಗಳ ಕಣ್ಣೆದುರು ಇಂಗ್ಲಿಷ್ ಮಾತಾಡಬೇಕಾದೀತೆಂಬ ಅಳುಕು ತಮಗೂ ಇತ್ತು, ಹಿಂದಿನ ಬೆಂಚು ಅದಕ್ಕೇ ಹಿತವೆನಿಸಿತ್ತು. ನಾವು ಕಾವಲು ಎಂದು ಓದಿಕೊಂಡಿದ್ದ ವರ್ತನೆಯಲ್ಲಿ ಅಡಗಿಕೊಳ್ಳುವಿಕೆಯೂ ಸೇರಿತ್ತು. ಪತ್ರ ಹೋಗಲಿಲ್ಲ.

ಮಾತಾಡಲು ಒಂದು ಕಾರಣ

ಇಬ್ಬರೂ ಸೇರಿ ಕೈಗೊಂಡ ಮೊದಲ ತೀರ್ಮಾನ, ಇಡೀ ತರಗತಿಗೆ ಪ್ರಶ್ನೆ ಹಾಕುವುದನ್ನು ನಿಲ್ಲಿಸುವುದು. ಅದರ ಜಾಗಕ್ಕೆ ಜೋಡಿ ಚಟುವಟಿಕೆಗಳು ಬಂದವು. ಪ್ರತಿ ಜೋಡಿಯಲ್ಲಿ ಒಬ್ಬರ ಹಾಳೆಯಲ್ಲಿ ಇರುವ ಮಾಹಿತಿ ಇನ್ನೊಬ್ಬರ ಹಾಳೆಯಲ್ಲಿ ಇರುವುದಿಲ್ಲ. ಹಾಳೆ ತೋರಿಸುವಂತಿಲ್ಲ, ಕೇಳಿಯೇ ತುಂಬಿಸಿಕೊಳ್ಳಬೇಕು. ಭಾಷಾ ಬೋಧನೆಯಲ್ಲಿ ಹಳೆಯ ತಂತ್ರವೇ ಇದು. ಹೊಸದೇನೆಂದರೆ, ಹಾಳೆಗಳನ್ನು ಅಧ್ಯಾಪಕರು ತಯಾರಿಸಿದ್ದು, ಆ ವಾರದ ಪಾಠದ ಪದಗಳನ್ನೇ ಬಳಸಿ.

ಬಸ್ಸಿನ ವೇಳಾಪಟ್ಟಿಯ ಹಾಳೆ ಕೊಟ್ಟ ದಿನದ ಒಂದು ಜೋಡಿಯನ್ನು ಇಂಟರ್ನ್ ವಿವರವಾಗಿ ಬರೆದಿಟ್ಟಿದ್ದಾರೆ. ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿ ತೆರೆಯದ ಹುಡುಗನೊಬ್ಬ, ಅವನ ಪಕ್ಕದಲ್ಲಿ ಅಷ್ಟೇ ಮೌನಿಯಾದ ಹುಡುಗಿ. ಹುಡುಗ ಬೆರಳನ್ನು ಖಾಲಿ ಚೌಕದ ಮೇಲಿಟ್ಟು, "ಬಸ್ ಫೈವ್. ವಾಟ್ ಟೈಮ್?" ಎಂದ. ಹುಡುಗಿ, "ಸೆವೆನ್, ಸೆವೆಂಟೀನ್" ಎಂದಳು. ಅವನಿಗೆ ಸೆವೆಂಟಿ ಎಂದು ಕೇಳಿಸಿತು, ಏಳು ಗಂಟೆ ಎಪ್ಪತ್ತು ನಿಮಿಷ ಎಂದು ಬರೆದ, ಬರೆದದ್ದನ್ನು ನೋಡಿ ತಡೆದ. "ಸೆವೆಂಟಿ? ನೋ. ನೋ ಸೆವೆಂಟಿ ಮಿನಿಟ್!" ಅವಳು ನಕ್ಕಳು, "ನೋ ಸೆವೆಂಟಿ. ಸಿಕ್ಸ್‌ಟೀನ್, ಸೆವೆಂ-ಟೀನ್" ಎಂದು ಬೆರಳು ಮಡಿಸುತ್ತಾ ಎಣಿಸಿ ತೋರಿಸಿದಳು. ಅವನು ಹೊಡೆದುಹಾಕಿ ತಿದ್ದಿದ. ಅವರ ಬೆನ್ನ ಹಿಂದೆಯೇ ನಿಂತಿದ್ದ ಇಂಟರ್ನ್‌ಗೆ ಉತ್ತರ ಹೇಳಿಬಿಡುವ ಆಸೆ ತುಟಿಯವರೆಗೆ ಬಂದಿತ್ತು, ಆದರೂ ಸುಮ್ಮನಿದ್ದರು.

ಆ ಕ್ಷಣದಲ್ಲಿ ನಡೆದದ್ದನ್ನು ಭಾಷಾ ಕಲಿಕೆಯ ಸಂಶೋಧಕರು ಅರ್ಥಕ್ಕಾಗಿ ನಡೆಸುವ ಚೌಕಾಸಿ ಎನ್ನುತ್ತಾರೆ. ಮಾತು ಒಂದೆಡೆ ಮುರಿದು, ಇಬ್ಬರೂ ಸೇರಿ ಅದನ್ನು ಸರಿಪಡಿಸಿಕೊಳ್ಳುವಾಗಲೇ ಭಾಷೆಯ ರೂಪದ ಕಡೆ ಗಮನ ಹರಿಯುತ್ತದೆ ಎಂಬುದು ಮೈಕೆಲ್ ಲಾಂಗ್ 1980ರ ದಶಕದಿಂದ ಬೆಳೆಸಿದ ವಾದ. ಇಲ್ಲಿ ಇನ್ನೊಂದು ಅಂಶವೂ ಮುಖ್ಯ. ತಪ್ಪನ್ನು ಹಿಡಿದದ್ದು ಅಧ್ಯಾಪಕರೂ ಅಲ್ಲ, ಇಂಟರ್ನೂ ಅಲ್ಲ. ಎಪ್ಪತ್ತು ನಿಮಿಷವೆಂಬುದು ಗಡಿಯಾರದಲ್ಲಿ ಇಲ್ಲದ್ದರಿಂದ ಹಾಳೆಯೇ ಹಿಡಿದುಕೊಟ್ಟಿತು. ಯಾರ ಮುಖವೂ ಕೆಂಪಾಗದೆ ತಪ್ಪು ತಿದ್ದಿಹೋಯಿತು. ಅಂದಿನಿಂದ ಹಾಳೆ ತಯಾರಿಸುವಾಗ, ತಪ್ಪಾಗಿ ಕೇಳಿಸಿಕೊಂಡರೆ ಅದು ತಾನಾಗಿ ಬಯಲಾಗುವಂತೆ ಮಾಹಿತಿಯನ್ನು ಜೋಡಿಸಲು ಇಬ್ಬರೂ ಶ್ರಮಪಟ್ಟರು. ಹೊರಗಿನಿಂದ ನೋಡುವವರಿಗೆ ಕಾಣದ ಈ ಕೆಲಸಕ್ಕೇ ಹೆಚ್ಚಿನ ಹೊತ್ತು ಹೋಗುತ್ತಿತ್ತು.

ಜೋಡಿ ಮಾತು ರೂಢಿಯಾದ ಮೇಲೆ, ಉದ್ದವಾಗಿ ಮಾತಾಡುವುದನ್ನು ಅಭ್ಯಾಸ ಮಾಡಿಸಲು ನಾಲ್ಕು-ಮೂರು-ಎರಡು ಎಂಬ ಕ್ರಮವನ್ನು ಆರಿಸಿಕೊಂಡರು. ಭಾಷಾ ಬೋಧನೆಯ ಸಂಶೋಧಕ ಪಾಲ್ ನೇಷನ್ 1989ರಲ್ಲಿ ಪರೀಕ್ಷಿಸಿ ಪ್ರಚಾರಕ್ಕೆ ತಂದ ಈ ಕ್ರಮದಲ್ಲಿ, ಒಬ್ಬರು ಒಂದೇ ವಿಷಯದ ಮೇಲೆ ಮೂರು ಬೇರೆ ಬೇರೆ ಕೇಳುಗರಿಗೆ ಮೊದಲು ನಾಲ್ಕು ನಿಮಿಷ, ಆಮೇಲೆ ಮೂರು, ಕೊನೆಗೆ ಎರಡು ನಿಮಿಷದಲ್ಲಿ ಹೇಳುತ್ತಾರೆ. ಕೇಳುಗರು ಬದಲಾಗುವುದರಿಂದ ಹಳೆಯ ಮಾತನ್ನೇ ಹೇಳಲು ಬೇಸರವಿಲ್ಲ. ಸಮಯ ಇಳಿಯುವುದರಿಂದ ತಡವರಿಸಲು ಎಡೆಯಿಲ್ಲ. ಹೇಳಬೇಕಾದದ್ದು ಮೊದಲ ಸಲವೇ ಸಿದ್ಧವಾಗಿರುವುದರಿಂದ ಮನಸ್ಸು ಮಾತಿನ ಓಟದ ಕಡೆ ಹರಿಯುತ್ತದೆ. ಈ ವಿದ್ಯಾರ್ಥಿಗಳಿಗೆ ನಾಲ್ಕು ನಿಮಿಷ ದೊಡ್ಡ ಬೆಟ್ಟ. ಹಾಗಾಗಿ ಪ್ರತಿ ಸುತ್ತನ್ನೂ ಒಂದೊಂದು ನಿಮಿಷ ಇಳಿಸಿದರು, ಮೊದಲ ಸುತ್ತಿಗೆ ಮುನ್ನ ಯೋಚಿಸಲು ಸಮಯ ಕೊಟ್ಟರು, ಆ ಯೋಚನೆಯ ಹೊತ್ತಿನಲ್ಲಿ ಸ್ವಂತ ಭಾಷೆಯಲ್ಲಿ ಪಕ್ಕದವರೊಂದಿಗೆ ಮಾತಾಡಬಹುದು ಎಂದೂ ಹೇಳಿದರು. ಕೆಂಪು ಚೀಟಿಗಳು ಕಸದ ಬುಟ್ಟಿಗೆ ಹೋದದ್ದು ಆಗಲೇ. ಸ್ವಂತ ಭಾಷೆಗೆ ಒಂದು ಜಾಗ ನಿಗದಿಯಾದ ಮೇಲೆ ಅದು ಬೇರೆಡೆ ನುಗ್ಗುವುದು ತನ್ನಷ್ಟಕ್ಕೆ ಕಡಿಮೆಯಾಯಿತು.

ತಿದ್ದುಪಡಿಯ ಪ್ರಶ್ನೆ ಇನ್ನೂ ಉಳಿದಿತ್ತು. ತಿದ್ದದೆ ಬಿಟ್ಟರೆ ತಪ್ಪು ಗಟ್ಟಿಯಾಗುತ್ತದೆ ಎಂಬುದು ಅಧ್ಯಾಪಕರ ಕಾಳಜಿ. ನಡುವೆ ತಿದ್ದಿದರೆ ಮಾತು ಸಾಯುತ್ತದೆ ಎಂಬುದು ಇಂಟರ್ನ್‌ದು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಇಂಟರ್ನ್ ಅದುವರೆಗೆ ವಿದ್ಯಾರ್ಥಿಯ ತಪ್ಪು ವಾಕ್ಯವನ್ನು ತಾವೇ ಸರಿಯಾಗಿ ಮರುನುಡಿದು ಮುಂದೆ ಹೋಗುತ್ತಿದ್ದರು, ವಿದ್ಯಾರ್ಥಿ "ಯೆಸ್, ಯೆಸ್" ಎಂದು ತಲೆಯಾಡಿಸುತ್ತಿದ್ದ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಕೆನಡಾದ ಫ್ರೆಂಚ್ ಮಾಧ್ಯಮದ ತರಗತಿಗಳನ್ನು ಅಭ್ಯಸಿಸಿ 1997ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಶಿಕ್ಷಕರು ಅತಿ ಹೆಚ್ಚು ಬಳಸುವ ತಿದ್ದುಪಡಿ ಈ ಮರುನುಡಿಯೇ, ಆದರೆ ವಿದ್ಯಾರ್ಥಿ ತನ್ನ ತಪ್ಪನ್ನು ತಾನೇ ಸರಿಪಡಿಸಿಕೊಳ್ಳುವಂತೆ ಮಾಡುವುದರಲ್ಲಿ ಅದು ಎಲ್ಲಕ್ಕಿಂತ ಹಿಂದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಚಟುವಟಿಕೆ ನಡೆಯುವಾಗ ಯಾರೂ ತಿದ್ದುವುದಿಲ್ಲ. ಇಬ್ಬರೂ ತರಗತಿಯಲ್ಲಿ ಓಡಾಡುತ್ತಾ ಕಿವಿಗೆ ಬಿದ್ದ ತಪ್ಪು ವಾಕ್ಯಗಳನ್ನು ಬರೆದುಕೊಳ್ಳುತ್ತಾರೆ. ಗಂಟೆಯ ಕೊನೆಯಲ್ಲಿ ಅವುಗಳಲ್ಲಿ ಕೆಲವನ್ನು, ಯಾರದೆಂದು ಹೇಳದೆ, ಬೋರ್ಡಿನ ಮೇಲೆ ಬರೆಯುತ್ತಾರೆ. ತಿದ್ದುವುದು ವಿದ್ಯಾರ್ಥಿಗಳ ಕೆಲಸ. ವ್ಯಾಕರಣದಲ್ಲಿ ಗಟ್ಟಿಗರಾಗಿದ್ದ ಆ ಮೌನಿಗಳು ಈ ಹತ್ತು ನಿಮಿಷಗಳಲ್ಲಿ ಮಿಂಚಿದರು. ಅವರ ಹಳೆಯ ಓದು ವ್ಯರ್ಥವಲ್ಲವೆಂದು ಅವರಿಗೇ ತೋರಿದ ಸಮಯ ಅದು, ಅಧ್ಯಾಪಕರಿಗೂ ಅಷ್ಟೇ.

ಇದೇ ದಿನಗಳಲ್ಲಿ ವಿದ್ಯಾರ್ಥಿಯೊಬ್ಬಳು ಇಂಟರ್ನ್‌ರನ್ನು, ನೀವು ಇಂಗ್ಲಿಷ್ ಮಾತಾಡಲು ಹೇಗೆ ಕಲಿತಿರಿ ಎಂದು ಕೇಳಿದಳು. ಮಾತೃಭಾಷೆಯಾಗಿ ಕಲಿತವರಲ್ಲಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ಇವರಲ್ಲಿತ್ತು, ಹೇಳಿದರು, ವಿದ್ಯಾರ್ಥಿಗಳು ಅರ್ಧ ಗಂಟೆ ಕೇಳಿದರು. ಹಂಗೇರಿಯ ಭಾಷಾ ಬೋಧನೆಯ ವಿದ್ವಾಂಸ ಪೀಟರ್ ಮೆಡ್ಜೆಶ್ ಅವರು ಮಾತೃಭಾಷಿಕರಲ್ಲದ ಶಿಕ್ಷಕರ ಬಲವನ್ನು ಗುರುತಿಸಿದ್ದು ಇಲ್ಲೇ: ಅವರು ಭಾಷೆಯ ಮಾದರಿಗಿಂತ ಹೆಚ್ಚಾಗಿ ಕಲಿಯುವವರ ಮಾದರಿ.

ಕೆಲಸದ ಗಡಿ

ಮಾತು ಸುಗಮವಾದಂತೆ ಬೇರೆ ದಿಕ್ಕಿನಿಂದ ಒತ್ತಡ ಶುರುವಾಯಿತು. ವಿದ್ಯಾರ್ಥಿಗಳು ಇಂಟರ್ನ್‌ರ ಮೊಬೈಲ್‌ಗೆ ರಾತ್ರಿ ಹೊತ್ತು ಪ್ರಬಂಧ, ಉದ್ಯೋಗದ ಅರ್ಜಿ, ವಿದ್ಯಾರ್ಥಿವೇತನದ ಪತ್ರಗಳನ್ನು ಕಳುಹಿಸತೊಡಗಿದರು. ಎಲ್ಲವೂ ತುರ್ತು, ಎಲ್ಲವೂ ಸ್ವಲ್ಪ ನೋಡಿ ಕೊಡಿ ಎಂಬ ವಿನಂತಿ. ಇಲ್ಲ ಎನ್ನಲು ಮನಸ್ಸಾಗದೆ ಅವರು ತಿದ್ದಿಕೊಡುತ್ತಿದ್ದರು, ತಿದ್ದುವುದು ಎಷ್ಟೋ ಸಲ ಪೂರ್ತಿ ಬರೆದುಕೊಡುವುದೇ ಆಗುತ್ತಿತ್ತು. ಹಾಗೆ ಬರೆದುಕೊಟ್ಟ ಒಂದು ಪ್ರಬಂಧ ಆಂತರಿಕ ಅಂಕಕ್ಕೆ ಸಲ್ಲಿಕೆಯಾಗಿ, ಮೊದಲ ಸೆಕ್ಷನ್‌ನ ಅಧ್ಯಾಪಕರ ಕೈಗೆ ಬಂತು. ತಮ್ಮ ವಿದ್ಯಾರ್ಥಿಯ ಇಂಗ್ಲಿಷ್ ಅವರಿಗೆ ಗೊತ್ತಿಲ್ಲದ್ದೇನಲ್ಲ. ವಿದ್ಯಾರ್ಥಿಯನ್ನು ಕರೆದು ವಿಚಾರಿಸಿದರು, ಇಂಟರ್ನ್ ಹೆಸರು ಹೊರಬಂತು.

ಅಂಕಕ್ಕೆ ಸಂಬಂಧಿಸಿದ್ದೆಂದು ಇಂಟರ್ನ್‌ಗೆ ತಿಳಿದಿರಲಿಲ್ಲ, ವಿದ್ಯಾರ್ಥಿ ಹೇಳಿರಲಿಲ್ಲ. ಆದರೂ ಪರಿಸ್ಥಿತಿ ಗಂಭೀರವೇ. ವಿದ್ಯಾರ್ಥಿಗೆ ಶಿಕ್ಷೆಯಾದರೆ ಉಳಿದವರು ಇಂಟರ್ನ್ ಹತ್ತಿರ ಸುಳಿಯುವುದಿಲ್ಲ. ಸುಮ್ಮನೆ ಬಿಟ್ಟರೆ ಮೌಲ್ಯಮಾಪನಕ್ಕೆ ಬೆಲೆಯಿಲ್ಲ. ವಿಭಾಗ ಮುಖ್ಯಸ್ಥರು ವಿವೇಕದಿಂದ ನಡೆದುಕೊಂಡರು. ಪ್ರಬಂಧವನ್ನು ವಿದ್ಯಾರ್ಥಿ ಕಾಲೇಜಿನಲ್ಲೇ ಕೂತು ಮತ್ತೊಮ್ಮೆ ಬರೆಯಬೇಕೆಂದರು, ವಿಷಯವನ್ನು ಅಲ್ಲಿಗೇ ಮುಗಿಸಿದರು, ಇಂಟರ್ನ್ ಏನು ಮಾಡಬಹುದು ಏನು ಮಾಡುವಂತಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಇಡಲು ಹೇಳಿದರು. ಒಪ್ಪಂದದ ಆ ಒಂದು ವಾಕ್ಯ ಹೀಗೆ ಪೂರ್ತಿ ಒಂದು ಪುಟವಾಯಿತು. ಅಂಕಕ್ಕೆ ಸಲ್ಲಿಸುವ ಯಾವ ಬರಹವನ್ನೂ ಇಂಟರ್ನ್ ಮುಟ್ಟುವುದಿಲ್ಲ. ಬೇರೆ ಬರಹಗಳನ್ನು ಗ್ರಂಥಾಲಯದಲ್ಲಿ ನಿಗದಿಯಾದ ಹೊತ್ತಿನಲ್ಲಿ, ವಿದ್ಯಾರ್ಥಿ ಎದುರಿಗಿದ್ದರೆ ಮಾತ್ರ ನೋಡುತ್ತಾರೆ, ಪೆನ್ನು ವಿದ್ಯಾರ್ಥಿಯ ಕೈಯಲ್ಲೇ ಇರುತ್ತದೆ. ಮೊಬೈಲ್ ಸಂದೇಶ ಇಡೀ ಸೆಕ್ಷನ್‌ನ ಗುಂಪಿನಲ್ಲಿ ಮಾತ್ರ, ಅಧ್ಯಾಪಕರೂ ಅದರಲ್ಲಿರುತ್ತಾರೆ.

ಪೋಷಕರೊಬ್ಬರು ಮನೆಗೆ ಬಂದು ಪಾಠ ಹೇಳಿಕೊಡಿ, ಹಣ ಕೊಡುತ್ತೇವೆ ಎಂದು ಕೇಳಿದಾಗ ನಿರಾಕರಿಸಲು ಈ ಪುಟ ನೆರವಾಯಿತು. ತರಬೇತಿಗೆಂದು ಪಡೆದ ವೀಸಾದ ಮೇಲೆ ಹೊರಗೆ ಹಣಕ್ಕೆ ಕೆಲಸ ಮಾಡುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಗೊತ್ತಾದರೆ ಇಂಟರ್ನ್‌ಶಿಪ್ಪೇ ಮುರಿದುಬೀಳಬಹುದು. ವಿದೇಶಕ್ಕೆ ಹೊರಡುವವರು ವೀಸಾದ ಷರತ್ತುಗಳನ್ನು ಬೋಧನೆಯ ಪುಸ್ತಕಗಳಿಗಿಂತ ಮೊದಲು ಓದಬೇಕು.

ಏನಾಯಿತು

ಸೆಮಿಸ್ಟರ್ ಕೊನೆಯಲ್ಲಿ ಎರಡೂ ಸೆಕ್ಷನ್‌ಗಳ ಒಂದೊಂದು ತರಗತಿಯನ್ನು ಮತ್ತೆ ಧ್ವನಿಮುದ್ರಿಸಲಾಯಿತು. ಇಂಟರ್ನ್ ದನಿ ಈಗ ಆರಂಭದಲ್ಲೂ ಕೊನೆಯಲ್ಲೂ ಮಾತ್ರ ಕೇಳುತ್ತಿತ್ತು. ನಡುವೆ ಪೂರ್ತಿ ವಿದ್ಯಾರ್ಥಿಗಳ ಗುಜುಗುಜು, ಹೆಚ್ಚಿನದು ಇಂಗ್ಲಿಷೇ. ವಾಕ್ಯಗಳು ಉದ್ದವಾಗಿದ್ದವು, ತಡವರಿಕೆ ಇಳಿದಿತ್ತು, ಅರ್ಥವಾಗದಿದ್ದಾಗ ಮತ್ತೊಮ್ಮೆ ಹೇಳು ಎಂದು ಕೇಳುವ ಸಲುಗೆ ಬಂದಿತ್ತು. ಭೂತಕಾಲದ ರೂಪಗಳಲ್ಲಿ ಆಗುತ್ತಿದ್ದ ತಪ್ಪುಗಳು ಮಾತ್ರ ಮೊದಲು ಎಷ್ಟಿದ್ದವೋ ಹೆಚ್ಚುಕಡಿಮೆ ಅಷ್ಟೇ ಉಳಿದಿದ್ದವು. ಲಿಖಿತ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು, ಆ ಪರೀಕ್ಷೆ ಮಾತನ್ನು ಅಳೆಯುವುದೇ ಇಲ್ಲ. ವರ್ಷಕ್ಕೊಮ್ಮೆ ಅಂಕಪಟ್ಟಿ ಹಿಡಿದು ಇಂಟರ್ನ್‌ಶಿಪ್ಪಿನ ಪ್ರಯೋಜನ ಕೇಳುವ ಆಡಳಿತ ಮಂಡಳಿಗಳಿಗೆ ಇದನ್ನು ವಿವರಿಸುವುದು ಸುಲಭದ ಕೆಲಸವಲ್ಲ.

ಮೊದಲಿನಿಂದ ಮಾತಾಡುತ್ತಿದ್ದ ಮುಂದಿನ ಬೆಂಚಿನ ವಿದ್ಯಾರ್ಥಿಗಳಿಗೆ ಹೊಸ ಕ್ರಮ ಹಿಡಿಸಲಿಲ್ಲ. ವಿದೇಶಿ ಇಂಟರ್ನ್ ಜೊತೆ ನೇರ ಮಾತಾಡುವ ಅವಕಾಶ ಹೋಗಿ, ತಮಗಿಂತ ಹಿಂದಿರುವವರ ಜೊತೆ ಬಸ್ಸಿನ ವೇಳೆ ಕೇಳಬೇಕಾಯಿತು ಎಂಬುದು ಅವರ ಅಸಮಾಧಾನ. ಅವರಿಗೆ ಕೇಳುಗರಾಗಿ ಕಠಿಣ ಪ್ರಶ್ನೆ ಹಾಕುವ ಪಾತ್ರ ಕೊಟ್ಟದ್ದು ಕೆಲವರಿಗೆ ರುಚಿಸಿತು, ಒಬ್ಬಾತ ಬರುವುದನ್ನೇ ಬಿಟ್ಟ. ಅವನ ದೂರು ನ್ಯಾಯವಾದದ್ದೇ. ಹಿಂದುಳಿದವರನ್ನು ಮಾತಿಗೆ ಎಳೆಯುವ ಯೋಜನೆಯಲ್ಲಿ ಮುಂದಿರುವವರ ಬೆಳವಣಿಗೆಗೆ ಜಾಗ ಮಾಡಿಕೊಡುವುದು ಇಲ್ಲಿ ಕೊನೆಯವರೆಗೂ ಸಾಧ್ಯವಾಗಲಿಲ್ಲ.

ಇಂಟರ್ನ್ ಹೊರಟ ಮೇಲಿನ ಬೆಳವಣಿಗೆಯೇ ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗ. ಸೆಮಿಸ್ಟರ್ ಉದ್ದಕ್ಕೂ ಉತ್ತಮ ಫಲ ಕಂಡದ್ದು ಮೊದಲ ಸೆಕ್ಷನ್, ಅಂದರೆ ಅಧ್ಯಾಪಕರು ಗಂಟೆ ಬಿಟ್ಟುಕೊಟ್ಟು ಹೋಗುತ್ತಿದ್ದದ್ದು. ಅಲ್ಲಿ ಹಾಳೆಗಳೂ ಕ್ರಮಗಳೂ ಅವೇ, ಅಡ್ಡಿಯಿಲ್ಲದೆ ವೇಗವಾಗಿ ನಡೆದವು. ಹಿರಿಯ ಅಧ್ಯಾಪಕರ ಸೆಕ್ಷನ್ ಕೊನೆಯವರೆಗೂ ಸ್ವಲ್ಪ ಹಿಂದೆಯೇ ಇತ್ತು. ಆದರೆ ಮುಂದಿನ ಸೆಮಿಸ್ಟರ್‌ನಲ್ಲಿ ಮೊದಲ ಸೆಕ್ಷನ್‌ನ ಮಾತಿನ ಗಂಟೆ ವ್ಯಾಕರಣದ ಗಂಟೆಯಾಯಿತು, ಯಾರೂ ಅದನ್ನು ತಡೆಯಬೇಕೆಂದುಕೊಳ್ಳಲಿಲ್ಲ, ಏಕೆಂದರೆ ಅಲ್ಲಿ ಏನು ನಡೆಯುತ್ತಿತ್ತೆಂದು ಇಂಟರ್ನ್ ಹೊರತು ಯಾರಿಗೂ ಗೊತ್ತಿರಲಿಲ್ಲ. ಹಿರಿಯರ ಸೆಕ್ಷನ್‌ನಲ್ಲಿ ಗಂಟೆ ಉಳಿಯಿತು. ಹಾಳೆಗಳು ಅವರ ಕಪಾಟಿನಲ್ಲಿದ್ದವು, ಅವು ಅವರೇ ಬರೆದವು, ಹೊಸ ಪಾಠಕ್ಕೆ ಹೊಸ ಹಾಳೆ ಮಾಡುವುದು ಅವರಿಗೆ ಗೊತ್ತಿತ್ತು.

ಇದನ್ನು ಓದಿ ಮುಂದಿನ ಇಂಟರ್ನ್‌ರನ್ನು ಕಳುಹಿಸುವವರಿಗೆ ಎರಡು ಮಾತು. ಆಯ್ಕೆ ಮಾಡುವಾಗ ಉಚ್ಚಾರಣೆಗೆ ಕೊಡುವ ತೂಕದ ಒಂದು ಪಾಲನ್ನು, ಸುಮ್ಮನಿರಬಲ್ಲ ಮತ್ತು ತಮ್ಮ ಕೆಲಸವನ್ನು ಇನ್ನೊಬ್ಬರ ಕೈಗೆ ದಾಟಿಸಬಲ್ಲ ಗುಣಕ್ಕೆ ಕೊಡಿ. ಅವಧಿಯ ಮಧ್ಯದಲ್ಲಿ ಅಳೆದರೆ ಸ್ಥಳೀಯ ಅಧ್ಯಾಪಕರನ್ನು ಒಳಗೊಳ್ಳುವುದು ನಷ್ಟದಂತೆಯೇ ಕಾಣುತ್ತದೆ, ನಮ್ಮಲ್ಲೇ ಒಬ್ಬರಿಗೆ ಹಾಗೆ ಕಂಡಿತ್ತು. ಆದ್ದರಿಂದ ಇಂಟರ್ನ್ ಹೋದ ಮೇಲಿನ ಸೆಮಿಸ್ಟರ್‌ನಲ್ಲೂ ಒಮ್ಮೆ ಹೋಗಿ ನೋಡುವ ಏರ್ಪಾಡು ಇರಲಿ.

ವಿಭಾಗ ಮುಖ್ಯಸ್ಥರು ಮುಂದಿನ ಬಾರಿಗೆ ಒಪ್ಪಂದದ ಪತ್ರವನ್ನು ಬದಲಿಸಿದ್ದಾರೆ. ಆ ಒಂದು ಪುಟದ ನಿಯಮಗಳು ಅದಕ್ಕೆ ಸೇರಿವೆ, ಪ್ರತಿ ಮಾತಿನ ಗಂಟೆಯ ಹಾಳೆಯನ್ನೂ ತರಗತಿಯ ಅಧ್ಯಾಪಕರ ಜೊತೆ ಕೂತು ತಯಾರಿಸಬೇಕೆಂಬ ಸಾಲೂ ಸೇರಿದೆ. ಮೊದಲ ಸೆಕ್ಷನ್‌ನ ಅಧ್ಯಾಪಕರು ಆ ಹೊತ್ತಿಗೆ ಉತ್ತರಪತ್ರಿಕೆ ತಿದ್ದುವ ಹೊರೆಯನ್ನು ಇಳಿಸಿಕೊಡಿ ಎಂದು ಕೇಳಿದ್ದಾರೆ. ಅದಕ್ಕಿನ್ನೂ ಒಪ್ಪಿಗೆ ಸಿಕ್ಕಿಲ್ಲ.